ಮೂಗು ನನ್ನದು, ನಾಲಿಗೆ ಪೊರ್ಬುಗಳದು

ಹೋದ ತಿಂಗಳು ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬರುವ ಬಸ್ಸಿನಲ್ಲಿ ಒಂದು ಬಾಟ್ಲಿ ಒಡೆಯಿತು. ತಿರುವಿನಲ್ಲಿ ಡ್ರೈವರು ಬ್ರೇಕ್ ಹಾಕಿದ್ದೇ ತಡ, ಮೇಲೆ ಇಟ್ಟಿದ್ದ ಯಾರದೋ ಚೀಲ ಕೆಳಗೆ ಬಿದ್ದು ಸೀಟುಗಳ ನಡುವೆ ಕೆಂಪು ನೀರು ಹರಿಯತೊಡಗಿತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಕಂಡಕ್ಟರು ಚೀಲ ಯಾರದೆಂದು ಕೇಳಿದ, ಯಾರೂ ತಮ್ಮದೆನ್ನಲಿಲ್ಲ. ನನ್ನ ಪಕ್ಕ ಕೂತಿದ್ದ ಹಿರಿಯರು, "ಎಂಥ ಗಬ್ಬು ವಾಸನೆ ಮಾರಾಯ್ರೆ" ಎಂದರು. ನಾನು ಹೌದೆಂದು ತಲೆಯಾಡಿಸಿ ಸುಮ್ಮನಿರಬೇಕಿತ್ತು. ಅದರ ಬದಲು, "ಅಲ್ಲ, ಒಳ್ಳೆಯದೇ ಇತ್ತು ಪಾಪ. ಮೊದಲು ನೇರಳೆ ಬರ್ತದೆ, ಹಿಂದಿನಿಂದ ಸ್ವಲ್ಪ ಕಾಳುಮೆಣಸು" ಎಂದುಬಿಟ್ಟೆ. ಹಿರಿಯರು ನನ್ನ ಬಿಳಿ ಅಂಗಿಯನ್ನೂ ಹಣೆಯ ಗಂಧವನ್ನೂ ತೊಡೆಯ ಮೇಲಿದ್ದ ಬಸದಿಯ ಪ್ರಸಾದದ ಪೊಟ್ಟಣವನ್ನೂ ನೋಡಿ, ಕಿಟಕಿಯ ಕಡೆಗೆ ಸರಿದು ಕೂತರು.

ನಾನು ಜೀವಮಾನದಲ್ಲಿ ಒಂದು ತೊಟ್ಟು ಕುಡಿದವನಲ್ಲ. ನಮ್ಮದು ಜೈನರ ಮನೆ. ಸಿದ್ಧಕಟ್ಟೆ ಪೇಟೆಯಲ್ಲಿ ಒಂದು ಜಿನಸಿನ ಅಂಗಡಿ ಇಟ್ಟುಕೊಂಡು, ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ, ಮಲಗುವ ಹೊತ್ತಿಗೆ ಮಲಗುವ ಮನುಷ್ಯ. ಹಾಗಿದ್ದೂ ಅಗ್ಗದ ಕೆಂಪು ವೈನುಗಳ ವಿಷಯದಲ್ಲಿ ಈ ಮೂರು ತಾಲೂಕಿನಲ್ಲಿ ನನ್ನಷ್ಟು ಮಾತಾಡಬಲ್ಲವರು ಹೆಚ್ಚು ಜನ ಇರಲಿಕ್ಕಿಲ್ಲ. ಬಸ್ಸಿಳಿದವನೇ ಮಾರ್ಸೆಲ್ ಪೊರ್ಬುಗಳಿಗೆ ಫೋನ್ ಮಾಡಿ ಬಾಟ್ಲಿ ಒಡೆದ ಸುದ್ದಿ ಹೇಳಿದೆ. ಅವರು ಆಚೆಯಿಂದ ಕೇಳಿದ್ದು ಒಂದೇ: "ಯಾವುದು, ಮೆಣಸಿನದ್ದಾ?" ಆ ಒಂದು ಪ್ರಶ್ನೆಗೆ, ಕೊರೊನಾದ ನಂತರ ನಾವಿಬ್ಬರೂ ಒಟ್ಟಿಗೆ ಕಳೆದ ಒಂದು ಚಳಿಗಾಲ ಪೂರ್ತಿ ಎದುರಿಗೆ ಬಂದು ನಿಂತಿತು.

ನಮ್ಮ ಕಡೆ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳೆಂದೂ ಹೆಂಗಸರನ್ನು ಬಾಯಿ ಎಂದೂ ಮರ್ಯಾದೆಗೆ ಕರೆಯುವುದು. ಮಾರ್ಸೆಲ್ ಪೊರ್ಬುಗಳ ರಬ್ಬರ್ ತೋಟ ನನ್ನ ಅಂಗಡಿಯ ಹಿಂದೆಯೇ. ಹೆಂಡತಿ ಸೆವ್ರಿನ್ ಬಾಯಿ ಕೊರೊನಾಕ್ಕಿಂತ ಮೊದಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು ವಿಲ್ಮಾ ಕುವೈತಿನಲ್ಲಿ ನರ್ಸ್. ಕೊರೊನಾ ಜ್ವರ ಪೊರ್ಬುಗಳಿಗೆ ಬಂದು, ಹೋಗಿ, ವರ್ಷ ದಾಟಿದ ಮೇಲೆ ಒಂದು ದಿನ ಅವರ ಹೊಗೆಕೋಣೆಯಲ್ಲಿ ರಬ್ಬರ್ ಶೀಟು ಕರಟಿ ಊರಿಗೆಲ್ಲ ನಾರುತ್ತಿತ್ತು. ಓಡಿ ಹೋಗಿ ನೋಡಿದರೆ ಅವರು ಅದೇ ಕೋಣೆಯ ಬಾಗಿಲಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

"ಪೊರ್ಬುಗಳೇ, ವಾಸನೆ ಬರುವುದಿಲ್ಲವಾ ನಿಮಗೆ?"

"ಇಲ್ಲ" ಎಂದರು ನೆಲ ನೋಡುತ್ತಾ. "ಜ್ವರ ಬಿಟ್ಟಾಗಿನಿಂದ ಇಲ್ಲ. ಯಾರಿಗೂ ಹೇಳಲಿಲ್ಲ. ಚಹಾ, ಸಾರು, ಮೀನು, ಎಲ್ಲ ಒಂದೇ. ಬಿಸಿಯಾ ತಣ್ಣಗಾ ಅಷ್ಟು ಗೊತ್ತಾಗ್ತದೆ. ಉಪ್ಪು, ಹುಳಿ, ಒಗರು, ಸಿಹಿ, ನಾಲಿಗೆಯಲ್ಲಿ ಅಷ್ಟುಂಟು. ಅದರ ಆಚೆ ಎಂತ ಇಲ್ಲ."

ಆ ವರ್ಷವೇ ವಿಲ್ಮಾಳ ಮದುವೆ ನಿಶ್ಚಯವಾಯಿತು. ಕ್ರಿಸ್ಮಸ್ ಕಳೆದು ಜನವರಿಯಲ್ಲಿ ಮದುವೆ. ಅವರಲ್ಲಿ ಮದುವೆಯ ಔತಣದಲ್ಲಿ ವಧೂವರರಿಗೆ ಒಳ್ಳೆಯದಾಗಲೆಂದು ಎಲ್ಲರೂ ವೈನಿನ ಗ್ಲಾಸು ಎತ್ತುವ ಕ್ರಮವುಂಟು. ಸೆವ್ರಿನ್ ಬಾಯಿ ಬದುಕಿದ್ದಾಗ ಮನೆಯಲ್ಲೇ ವೈನ್ ಮಾಡುತ್ತಿದ್ದರು, ಮತ್ತು ಮಗಳ ಮದುವೆಗೆ ತನ್ನ ಕೈಯ ವೈನೇ ಆಗಬೇಕೆಂದು ಹೇಳುತ್ತಲೇ ಇದ್ದರು. ಅವರ ಕೈ ಈಗ ಇಲ್ಲ. ಆದರೆ ಪಕ್ಕದಲ್ಲಿ ನಿಂತು ವರ್ಷವರ್ಷವೂ ಸೌಟು ತಿರುಗಿಸಿದ ಗಂಡನಿಗೆ ಕ್ರಮವೆಲ್ಲ ಬಾಯಿಪಾಠ. ಮಳೆ ಬಿಟ್ಟ ಕೂಡಲೇ ಪೊರ್ಬುಗಳು ಕಪ್ಪು ದ್ರಾಕ್ಷಿ ತಂದು, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ ಎಲ್ಲ ನನ್ನ ಅಂಗಡಿಯಿಂದಲೇ ಕೊಂಡುಹೋಗಿ ಎರಡು ದೊಡ್ಡ ಭರಣಿಗಳಲ್ಲಿ ಹಾಕಿಟ್ಟರು. ಹಾಕಿಟ್ಟ ಮೇಲೆ ಹೆದರಿಕೆ ಶುರುವಾಯಿತು. ವೈನ್ ಸರಿಯಾಗುತ್ತಿದೆಯೋ ವಿನೆಗರ್ ಆಗುತ್ತಿದೆಯೋ ಎಂದು ಹೇಳಬೇಕಾದದ್ದು ಮೂಗು. ಅದೇ ಇಲ್ಲ.

"ನಾಭಿರಾಜಣ್ಣ, ನಿಮ್ಮ ಮೂಗು ಒಂದು ಸಲ ಬೇಕಿತ್ತು" ಎಂದು ಅವರು ಅಂಗಡಿಗೆ ಬಂದು ಕೇಳಿದಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ನನ್ನ ಮೂಗಿಗೆ ಹೆಸರಿತ್ತು. ನಮ್ಮ ಅಜ್ಜಿ ವ್ರತದವರು. ಹೊತ್ತು ಮೀರಿದ ಯಾವ ಪದಾರ್ಥವನ್ನೂ ಮುಟ್ಟುತ್ತಿರಲಿಲ್ಲ. ಹಿಟ್ಟು, ಮೊಸರು, ಪಲ್ಯ ಏನಿದ್ದರೂ ಸ್ವಲ್ಪ ಹುಳಿ ತಿರುಗಿದೆಯೋ ಎಂದು ಮೊದಲು ಮೂಸಿ ನೋಡಬೇಕು. ಮನೆಯಲ್ಲಿ ಆ ಕೆಲಸ ಸಣ್ಣಂದಿನಿಂದ ನನ್ನದು. "ಸರಿ ಉಂಟು" ಎಂದರೆ ಬಡಿಸುತ್ತಿದ್ದರು, "ಹುಳಿ ಬಂದಿದೆ" ಎಂದರೆ ಅದು ನೇರ ದನದ ಕಲಗಚ್ಚಿನ ಬಾನಿಗೆ. ನಮ್ಮಲ್ಲಿ ಅದಕ್ಕೆ ಮೇಲ್ಮನವಿ ಇರಲಿಲ್ಲ.

ಹೋದೆ. ಮೊದಲನೆಯ ಭರಣಿಯ ಬಟ್ಟೆ ಬಿಚ್ಚಿ ಬಗ್ಗಿದೆ. ಗುಳುಗುಳು ನೊರೆ, ಮೂಗಿಗೆ ರಪ್ಪೆಂದು ಹೊಡೆಯುವ ಹುಳಿ. ಎರಡನೇ ಯೋಚನೆ ಮಾಡಲಿಲ್ಲ.

"ಹುಳಿ ಬಂದಿದೆ ಪೊರ್ಬುಗಳೇ. ಇದು ಹೋಯಿತು."

ಅವರ ಮುಖ ಬಾಡಿತು. ಆದರೂ ನನ್ನ ಮೂಗಿನ ಮೇಲೆ ಅಷ್ಟು ನಂಬಿಕೆ. ಅಷ್ಟು ದೊಡ್ಡ ಭರಣಿಯನ್ನು ತಬ್ಬಿ ಎತ್ತಿಕೊಂಡು ಹೋಗಿ ತೆಂಗಿನ ಬುಡಕ್ಕೆ ಸುರಿದರು. ಎರಡನೆಯದನ್ನೂ ನೋಡಿ ಎನ್ನುವಷ್ಟರಲ್ಲಿ ಅವರ ವಾಡೆಯ ಗುರ್ಕಾರರು, ಅಂದರೆ ಇಗರ್ಜಿಯ ಕೆಲಸಗಳಿಗೆ ಆ ಭಾಗದ ಮನೆಗಳ ಹಿರಿಯ, ಮದುವೆಯ ಮಾತಿಗೆ ಬಂದರು. ಗೇಟಿನಿಂದಲೇ ಮೂಗು ಎತ್ತಿದರು.

"ಎಂತ ಮಾರಾಯಾ, ಇಷ್ಟು ಒಳ್ಳೆ ವೈನನ್ನು ತೆಂಗಿಗೆ ಯಾಕೆ ಕುಡಿಸಿದ್ದು?"

ವೈನ್ ಆಗುವ ದಾರಿಯಲ್ಲಿ ದ್ರಾಕ್ಷಿ ಹುಳಿಯುವುದೇ ಕ್ರಮ ಎಂದು ಅವರು ವಿವರಿಸಿದಾಗ ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ತಲೆತಲಾಂತರದಿಂದ ಹುಳಿದದ್ದನ್ನು ಎಸೆಯಲು ಕಲಿತ ಮೂಗಿಗೆ, ಹುಳಿಯಲೆಂದೇ ಕಾಯುವ ಪದಾರ್ಥ ಇರಬಹುದೆಂದು ತಿಳಿದಿರಲಿಲ್ಲ. ನಾನು ಕೈಮುಗಿದು, ಇನ್ನು ಗುರ್ಕಾರರೇ ನೋಡಿಕೊಳ್ಳಲಿ ಎಂದೆ. ಅವರು ಹೋದ ಮೇಲೆ ಪೊರ್ಬುಗಳು ತಲೆಯಾಡಿಸಿದರು.

"ಅವರಿಗೆ ವಿನೆಗರ್ ಕೊಟ್ಟರೂ ಒಳ್ಳೆ ವೈನ್ ಅಂತಲೇ ಹೇಳಿಯಾರು. ಕುಡಿಯುವವರನ್ನು ಈ ವಿಷಯದಲ್ಲಿ ನಂಬಲಿಕ್ಕಾಗುವುದಿಲ್ಲ. ನನಗೆ ಕುಡಿಯದವರ ಮೂಗೇ ಬೇಕು. ಆದರೆ ಅದಕ್ಕೆ ಸ್ವಲ್ಪ ಪಾಠ ಆಗಬೇಕು. ವೈನ್ ಶಾಪಿನಿಂದ ನಾಲ್ಕು ಬಾಟ್ಲಿ ತರುವ. ನೀವು ಮೂಸಿ, ನಾನು ಕುಡಿಯುತ್ತೇನೆ."

ಮನೆಯಲ್ಲಿ ಹೇಳದೆ ಆಗುವುದಿಲ್ಲ. ನನ್ನ ಹೆಂಡತಿ ಸುನಂದಾ ಎಲ್ಲ ಕೇಳಿ, ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಹೇಳಿದಳು. "ಕುಡಿಯುವುದಿಲ್ಲವಲ್ಲ ನೀವು. ತಾಯಿ ಇಲ್ಲದ ಹುಡುಗಿಯ ಮದುವೆ, ಅದೂ ಒಂದು ಭರಣಿ ಚೆಲ್ಲಿಸಿ ಬಂದಿದ್ದೀರಿ. ಹೋಗಿ. ಬಂದವರು ಸ್ನಾನ ಮಾಡದೆ ದೇವರ ಕೋಣೆಗೆ ಕಾಲಿಡಬೇಡಿ ಅಷ್ಟೆ." ಅವಳು ಅಂದು ಬೇರೆ ಏನಾದರೂ ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಅದಕ್ಕಾಗಿ ಅವಳಿಗೆ ನಾನು ಇವತ್ತಿಗೂ ಋಣಿ.

ಮದುವೆಗೆ ಕರೆಯಲು ಪೊರ್ಬುಗಳು ಊರೂರು ತಿರುಗಬೇಕಿತ್ತು. ಅವರ ಸ್ಕೂಟರಿನ ಹಿಂದೆ ನಾನು ಕೂತೆ. ವಿಟ್ಲದ ದಿಕ್ಕಿಗೆ ಹೋದ ದಿನ ಬಿ.ಸಿ.ರೋಡಿನಲ್ಲಿ, ಮುಂಡಾಜೆಯ ಅಕ್ಕನ ಮನೆಗೆ ಹೋದ ದಿನ ಬೆಳ್ತಂಗಡಿಯಲ್ಲಿ, ಉಳಿದಂತೆ ಮೂಡುಬಿದಿರೆಯಲ್ಲಿ, ಹೀಗೆ ಮೂರು ಪೇಟೆಯ ವೈನ್ ಶಾಪುಗಳ ಎದುರು ನಾನು ಸ್ಕೂಟರಿಗೆ ಒರಗಿ, ಬೆನ್ನು ತಿರುಗಿಸಿ, ಬಸ್ಸಿಗೆ ಕಾಯುವವನ ಮುಖ ಮಾಡಿಕೊಂಡು ನಿಂತಿದ್ದೇನೆ. ಪೊರ್ಬುಗಳು ಒಳಗೆ ಹೋಗಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು: "ಕೆಂಪು ವೈನ್. ಇದ್ದದ್ದರಲ್ಲಿ ಅಗ್ಗದ್ದು." ಅಂಗಡಿಯವನು ಸ್ಟೂಲು ಹತ್ತಿ ಎಲ್ಲೋ ಮೂಲೆಯಿಂದ ಧೂಳು ಹಿಡಿದ ಬಾಟ್ಲಿ ತೆಗೆದು ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದ. ನಮ್ಮ ಪೇಟೆಗಳಲ್ಲಿ ಕೆಂಪು ವೈನಿಗೆ ಕ್ರಿಸ್ಮಸ್ ಬರುವವರೆಗೆ ಗಿರಾಕಿ ಇಲ್ಲ.

ಪಾಠ ನಡೆಯುತ್ತಿದ್ದದ್ದು ಪೊರ್ಬುಗಳ ಜಗಲಿಯಲ್ಲಿ, ಸಂಜೆಯ ಮೊದಲು. ಮೂಸುವುದೂ ತಿಂದಷ್ಟೇ ಅಲ್ಲವೇ ಎಂಬ ಸಂಶಯದಿಂದ ನಾನು ಸೂರ್ಯ ಮುಳುಗಿದ ಮೇಲೆ ಗ್ಲಾಸಿನ ಹತ್ತಿರ ಮೂಗು ಒಯ್ಯುತ್ತಿರಲಿಲ್ಲ. ಚಳಿ ಆಗತಾನೇ ಇಳಿಯುತ್ತಿತ್ತು. ಮಧ್ಯಾಹ್ನದ ಬಿಸಿಲು ಮುರಕಲ್ಲಿನ ಗೋಡೆಯ ಮೇಲೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿತ್ತು. ಪೊರ್ಬುಗಳು ಸ್ಟೀಲ್ ಲೋಟದಲ್ಲಿ ಒಂದಿಷ್ಟು ಸುರಿದು ಮೊದಲು ನನಗೆ ಕೊಡುವರು. ನಾನು ಮೂಸಿ, ಕಣ್ಣು ಮುಚ್ಚಿ, ಬಂದದ್ದನ್ನು ಹೇಳುವೆ. ಆಮೇಲೆ ಅವರು ಕುಡಿದು ನಾಲಿಗೆಗೆ ಸಿಕ್ಕಿದ್ದನ್ನು ಹೇಳುವರು. ನನ್ನ ಅರ್ಧ, ಅವರ ಅರ್ಧ ಸೇರಿ ಒಬ್ಬ ಇಡೀ ಮನುಷ್ಯ ವೈನ್ ಕುಡಿದಂತೆ ಆಗುತ್ತಿತ್ತು.

ಬಾಟ್ಲಿಯ ಹಿಂದೆ ಇಂಗ್ಲಿಷಿನಲ್ಲಿ ಏನೇನೋ ಬರೆದಿರುತ್ತದೆ. ಬ್ಲ್ಯಾಕ್ ಚೆರಿಯಂತೆ, ಪ್ಲಮ್ಮಂತೆ, ಓಕ್ ಮರವಂತೆ. ಓಕ್ ಮರ ನಾವಿಬ್ಬರೂ ಕಂಡದ್ದಿಲ್ಲ. ಚೆರಿ ಎಂದರೆ ನಮಗೆ ಬೇಕರಿಯ ಕೇಕಿನ ಮೇಲಿನ ಕೆಂಪು ಗುಂಡು. ಅದು ಬಣ್ಣ ಹಾಕಿದ ಕರಂಡೆಕಾಯಿ ಎಂದು ಜಿನಸಿನ ಅಂಗಡಿಯವನಾದ ನನಗೆ ಗೊತ್ತು. ಆದ್ದರಿಂದ ನಮ್ಮದೇ ಮಾತು ಹುಡುಕಬೇಕಾಯಿತು. ಮೊದಲನೆಯದು ಪೋರ್ಟ್ ಎಂಬ ಸಿಹಿ ವೈನು. ಬೆಲ್ಲದ ಪಾಕ ತಳ ಹಿಡಿಯುವ ಹೊತ್ತಿನ ವಾಸನೆ, ಜೊತೆಗೆ ಮಕ್ಕಳ ಕೆಮ್ಮಿನ ಔಷಧ. "ಸಿಹಿ, ಬರೀ ಸಿಹಿ. ಗಂಟಲಲ್ಲಿ ಅಂಟುತ್ತದೆ" ಎಂದರು ಪೊರ್ಬುಗಳು. ಎರಡನೆಯದು ಶಿರಾಜ್ ಎಂಬ ಜಾತಿ. ಅದನ್ನು ಮೂಸಿದವನು ಲೋಟ ಕೆಳಗಿಟ್ಟು ನಕ್ಕೆ. ನನ್ನ ಅಂಗಡಿಯಲ್ಲಿ ಹೊಸ ಕಾಳುಮೆಣಸಿನ ಗೋಣಿಯ ಬಾಯಿ ಬಿಚ್ಚಿದ ಹಾಗೇ ಇತ್ತು, ಅದರ ಅಡಿಯಲ್ಲಿ ಕುಂಟು ನೇರಳೆ. ಪೊರ್ಬುಗಳು ಕುಡಿದು ತುಟಿ ಚಪ್ಪರಿಸಿದರು.

"ಮೆಣಸು ನನಗೆ ಸಿಕ್ಕುವುದಿಲ್ಲ. ಆದರೆ ಬಾಯಿ ಒಗರು ಆಯಿತು. ಎಳೆ ಅಡಿಕೆ ಕಚ್ಚಿದ ಹಾಗೆ. ಸೆವ್ರಿನ್ ಇದ್ದಿದ್ದರೆ ಇದನ್ನು ಇಷ್ಟಪಡುತ್ತಿದ್ದಳು."

ಇನ್ನೊಂದು ಬಾಟ್ಲಿಯಲ್ಲಿ ಒಣಗಿಸಿದ ಪುನರ್ಪುಳಿ ಸಿಪ್ಪೆಯೂ ಈಗಷ್ಟೇ ಕೊಯ್ದ ಹಲಸಿನ ಹಲಗೆಯೂ ಇದ್ದವು. ಓಕ್ ಎಂದರೆ ಇದೇ ಇರಬೇಕೆಂದು ತೀರ್ಮಾನಿಸಿದೆವು. ಬೆಳ್ತಂಗಡಿಯಿಂದ ತಂದ ಒಂದು ಮಾತ್ರ ಯಾವ ಹಣ್ಣನ್ನೂ ಕೊಡದೆ, ಉಪ್ಪಿನಕಾಯಿ ಭರಣಿ ತೊಳೆದ ನೀರಿನಂತೆ ಮೂಗು ಚುಚ್ಚಿತು. ಅಂಗಡಿಯವನು ಬಿಸಿಲಿಗೆ ಇಟ್ಟಿದ್ದನೋ ಏನೋ. ಪೊರ್ಬುಗಳು ಒಂದು ಗುಟುಕಿಗೇ ಅಂಗಳಕ್ಕೆ ಉಗಿದರು. ನನಗೆ ಆ ಕೆಟ್ಟ ಬಾಟ್ಲಿಯ ಮೇಲೆ ಎಲ್ಲದಕ್ಕಿಂತ ಹೆಚ್ಚು ಪ್ರೀತಿ. ಹುಳಿದದ್ದು ಬೇರೆ, ಹಾಳಾದದ್ದು ಬೇರೆ ಎಂಬುದನ್ನು ನನಗೆ ಕಲಿಸಿದ್ದು ಅದು. ಒಂದರ ಒಳಗೆ ಹಣ್ಣು ಇನ್ನೂ ಬದುಕಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ನಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ ಒಪ್ಪುತ್ತಿರಲಿಲ್ಲ, ಆದರೆ ಕೇಳಿಸಿಕೊಳ್ಳುತ್ತಿದ್ದರು.

ಆ ಜಗಲಿಯಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಊಟವೆಂದರೆ ಬೇಸರ ಎಂದು ಗಂಜಿ ಕುಡಿದು ಮಲಗುತ್ತಿದ್ದ ಮನುಷ್ಯ ಮೂರು ಗಂಟೆಗೇ ಸ್ನಾನ ಮಾಡಿ, ತಲೆ ಬಾಚಿ, ಲೋಟಗಳನ್ನು ಒರೆಸಿಟ್ಟು ನನ್ನ ದಾರಿ ಕಾಯತೊಡಗಿದರು. ನಾನು ಹೇಳಿದ ಪ್ರತಿ ವಾಸನೆಗೂ ಅವರಲ್ಲಿ ಒಂದು ಕತೆ ಇತ್ತು. ನೇರಳೆ ಎಂದರೆ ಶಾಲೆಯ ದಾರಿ, ಹಲಸಿನ ಹಲಗೆ ಎಂದರೆ ಮನೆಯ ಬಾಗಿಲು ಮಾಡಿಸಿದ ವರ್ಷ. ಮೂಗಿನಿಂದ ಬಾರದ್ದು ಕಿವಿಯಿಂದ ಒಳಗೆ ಹೋಗುತ್ತಿತ್ತು. ಅಂಥ ಒಂದು ಸಂಜೆ ನಾನು ಕೇಳಿದೆ.

"ಉಳಿದ ಭರಣಿಯನ್ನು ಯಾವ ದಿನ ಸೋಸುವುದು ಪೊರ್ಬುಗಳೇ? ಬಾಯಿಯವರಿಗೆ ಲೆಕ್ಕ ಎಂತ ಇತ್ತು?"

"ಅವಳು ದಿನ ಎಣಿಸುತ್ತಿರಲಿಲ್ಲ. ಮುಚ್ಚಳ ತೆಗೆದು ಮೂಸುವುದು. ಸಾಡೊ ಇಟ್ಟ ಪೆಟ್ಟಿಗೆ ತೆರೆದ ಹಾಗೆ ಬಂದರೆ ಸೋಸುವ ದಿನ. ಅಷ್ಟೇ ಅವಳ ಲೆಕ್ಕ."

ಸಾಡೊ ಎಂದರೆ ಅವರಲ್ಲಿ ಮದುಮಗಳು ಉಡುವ ಕೆಂಪು ರೇಷ್ಮೆ ಸೀರೆ. ಸೆವ್ರಿನ್ ಬಾಯಿಯ ಸಾಡೊ ಒಳಕೋಣೆಯ ಮರದ ಪೆಟ್ಟಿಗೆಯಲ್ಲಿತ್ತು. ಅವರು ಹೋದ ಮೇಲೆ ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ಪೊರ್ಬುಗಳು ಲೋಟ ಕೆಳಗಿಟ್ಟರು. ಮತ್ತೆ ಎದ್ದು, "ಕೈ ತೊಳೆದು ಬನ್ನಿ" ಎಂದರು.

ಬಾವಿಕಟ್ಟೆಯಲ್ಲಿದ್ದ ಗಂಧದ ಸಾಬೂನಿನಿಂದ ಕೈ ತೊಳೆದುಕೊಂಡು ಒಳಗೆ ಹೋದೆ. ಅವರು ನೆಲದ ಮೇಲೆ ಮಂಡಿಯೂರಿ ಕೂತು ಬೀಗ ತೆಗೆದರು. ಮುಚ್ಚಳ ಎತ್ತಿದ ಕೂಡಲೇ, ನನಗಿಂತ ಮೊದಲು, ತಾವೇ ಬಗ್ಗಿ ಮುಖವನ್ನು ಆ ಕೆಂಪು ರೇಷ್ಮೆಯ ಮೇಲೆ ಇಟ್ಟು ಉಸಿರೆಳೆದರು. ಇನ್ನೊಮ್ಮೆ ಎಳೆದರು. ಏನೂ ಬರಲಿಲ್ಲವೆಂದು ಅವರ ಬೆನ್ನು ನೋಡಿದರೇ ತಿಳಿಯುತ್ತಿತ್ತು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಅವರು ಪಕ್ಕಕ್ಕೆ ಸರಿದು, ನನ್ನ ಮುಖ ನೋಡದೆ ಕೇಳಿದರು.

"ಎಂತ ಬರ್ತದೆ, ಹೇಳಿ ನೋಡುವ."

ನಾನು ಬಗ್ಗಿದೆ. ನಿಧಾನವಾಗಿ, ಒಂದೊಂದಾಗಿ ಹೇಳಿದೆ. ಹಳೆಯ ಮರ. ಮಡಿಕೆಯಲ್ಲಿ ಬೆಚ್ಚಗಾದ ರೇಷ್ಮೆ. ಲವಂಗ, ಹಳೆಯದಾಗಿ ಖಾರ ಕಳೆದುಕೊಂಡದ್ದು. ಎಲ್ಲೋ ಅಡಿಯಲ್ಲಿ ಒಣದ್ರಾಕ್ಷಿಯಂಥ ಒಂದು ಸಿಹಿ. ಇವಲ್ಲದೆ ಗಂಧದ ಸಾಬೂನಿನ ವಾಸನೆಯೂ ಬಂತು. ಅದು ಈಗ ತೊಳೆದ ನನ್ನ ಕೈಯದೇ ಎಂದುಕೊಂಡು ಹೇಳದೆ ಬಿಟ್ಟೆ. ನಾನು ಹೇಳುತ್ತಾ ಹೋದಂತೆ ಪೊರ್ಬುಗಳು ಒಂದೊಂದಕ್ಕೂ "ಹಾಂ" ಎನ್ನುತ್ತಿದ್ದರು. ಅವರ ಕಣ್ಣು ತುಂಬಿತ್ತು. ಮುಗಿದ ಮೇಲೆ ಮುಚ್ಚಳ ಹಾಕಿ, "ನೆನಪಿಟ್ಟುಕೊಳ್ಳಿ" ಎಂದರು. ಮರೆಯುವ ಮಾತೇ ಇರಲಿಲ್ಲ.

ಮುಂದೆ ದಿನವೂ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಭರಣಿಯ ಬಟ್ಟೆ ಬಿಚ್ಚಿ ಮೂಸುವುದು ನನ್ನ ಕೆಲಸವಾಯಿತು. ಮೊದಮೊದಲು ಹುಳಿಹಿಟ್ಟು, ಆಮೇಲೆ ಹಸಿ ದ್ರಾಕ್ಷಿ, ಆಮೇಲೆ ಬರೀ ಚಕ್ಕೆ. "ಆಯಿತಾ?" ಎನ್ನುವರು ಪೊರ್ಬುಗಳು. "ಇನ್ನೂ ಮರ ಬರಲಿಲ್ಲ" ಎನ್ನುವೆ. ಒಂದು ಭರಣಿ ನನ್ನಿಂದ ಹೋಗಿತ್ತು. ಇದೊಂದು ತಪ್ಪಿದರೆ ವಿಲ್ಮಾಳ ಮದುವೆಯಲ್ಲಿ ಅವಳ ತಾಯಿಯದೆನ್ನುವ ವೈನ್ ಇರುವುದಿಲ್ಲ. ಸುನಂದಾ ಗೇಲಿ ಮಾಡುತ್ತಿದ್ದಳು, ಬಸದಿಗೆ ಕೂಡ ನೀವು ಇಷ್ಟು ನಿಯಮದಿಂದ ಹೋದವರಲ್ಲ ಎಂದು. ಡಿಸೆಂಬರಿನ ಒಂದು ಬೆಳಿಗ್ಗೆ, ಗದ್ದೆಯ ಮೇಲೆ ಮಂಜು ಇನ್ನೂ ಕರಗಿರದ ಹೊತ್ತಿನಲ್ಲಿ ಬಟ್ಟೆ ಬಿಚ್ಚಿದಾಗ ಲವಂಗ ಹಿಂದೆ ಸರಿದು, ಹಳೆಯ ಮರವೂ ಒಣದ್ರಾಕ್ಷಿಯೂ ಒಟ್ಟಿಗೆ ಎದ್ದು ಬಂದವು. ಒಳಕೋಣೆಯ ಆ ಪೆಟ್ಟಿಗೆಯ ಮುಂದೆ ಮತ್ತೆ ಕೂತ ಹಾಗಾಯಿತು. ಇನ್ನೊಮ್ಮೆ ಮೂಸಿ ನೋಡಿದೆ.

"ಸರಿ ಉಂಟು ಪೊರ್ಬುಗಳೇ. ಸೋಸುವ."

ಅವರು ಶಿಲುಬೆಯ ಗುರುತು ಮಾಡಿಕೊಂಡು, ಬಿಳಿ ಬಟ್ಟೆ ತಂದು ಸೋಸಲು ಕೂತರು.

ಮದುವೆಯ ದಿನ ಸುನಂದಾ, ನಾನು ಇಬ್ಬರೂ ಹೋದೆವು. ನಮಗೆಂದೇ ಬೇರೆ ಒಲೆಯಲ್ಲಿ, ನೀರುಳ್ಳಿ ಬಟಾಟೆ ಮುಟ್ಟದೆ ಅಡಿಗೆ ಮಾಡಿಸಿದ್ದರು. ಅಷ್ಟು ಗಡಿಬಿಡಿಯಲ್ಲೂ ಅದನ್ನು ಮರೆತಿರಲಿಲ್ಲ. ಸಾಡೊ ತರುವುದು ಅವರಲ್ಲಿ ಗಂಡಿನ ಕಡೆಯವರ ಕ್ರಮವಂತೆ. ಆದರೆ ವಿಲ್ಮಾ ಅತ್ತೆಯನ್ನು ಒಪ್ಪಿಸಿ ಔತಣಕ್ಕೆ ತಾಯಿಯ ಸಾಡೊವನ್ನೇ ಉಟ್ಟು ಬಂದಳು. ಗ್ಲಾಸುಗಳಿಗೆ ವೈನ್ ಸುರಿದರು. ನಮ್ಮಿಬ್ಬರ ಗ್ಲಾಸಿಗೆ ಪುನರ್ಪುಳಿ ಶರಬತ್ತು. ಬಣ್ಣದಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವಂತಿರಲಿಲ್ಲ. ಎಲ್ಲರೂ ಗ್ಲಾಸು ಎತ್ತಿದರು. ಕುಡಿದ ಗುರ್ಕಾರರು ದೂರದಿಂದಲೇ ನನ್ನ ಕಡೆ ನೋಡಿ ತಲೆದೂಗಿದರು. ಅವರು ಎಲ್ಲದಕ್ಕೂ ತಲೆದೂಗುವವರು, ಆದರೂ ನನಗೆ ಸಂತೋಷವಾಯಿತು.

ಆಮೇಲೆ ವಿಲ್ಮಾ ಆಶೀರ್ವಾದಕ್ಕೆ ತಂದೆಯ ಮುಂದೆ ಬಗ್ಗಿದಳು. ಪೊರ್ಬುಗಳು ಅವಳನ್ನು ಎತ್ತಿ ಹೆಗಲಿಗೆ ಒರಗಿಸಿಕೊಂಡರು. ಹಾಗೇ ನಿಂತರು. ಫೋಟೋದವನು ಕಾದ, ಬ್ಯಾಂಡಿನವರು ಕಾದರು, ಅವರು ಸೆರಗಿನ ಮೇಲಿಂದ ಮುಖ ಎತ್ತಲಿಲ್ಲ. ಅಳುತ್ತಿದ್ದಾರೆ ಎಂದುಕೊಂಡೆ. ಎಷ್ಟೋ ಹೊತ್ತಿಗೆ ಮಗಳನ್ನು ಬಿಟ್ಟು, ಜನರ ನಡುವೆ ಯಾರನ್ನೋ ಹುಡುಕುತ್ತಾ ನೇರ ನಮ್ಮ ಮೇಜಿಗೆ ಬಂದರು.

"ನಾಭಿರಾಜಣ್ಣ, ಪೆಟ್ಟಿಗೆ ತೆರೆದ ದಿನ ನೀವು ಒಂದು ಬಿಟ್ಟಿದ್ದೀರಿ."

"ಎಂತ?"

"ಸಾಬೂನು" ಎಂದರು. "ಗಂಧದ ಸಾಬೂನು. ಸಾಡೊದ ಮಡಿಕೆಯ ಒಳಗೆ ಒಂದು ಇಡುತ್ತಿದ್ದಳು ಅವಳು. ನನಗೇ ಮರೆತುಹೋಗಿತ್ತು. ಈಗ ಬಂತು."

ಆ ವಾಸನೆಯ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ನನ್ನ ಕೈಯದೆಂದು ತಿಳಿದು ಯಾರಿಗೂ ಹೇಳಿರಲಿಲ್ಲ. ಅವರು ಅದನ್ನು ಕಿವಿಯಿಂದ ಪಡೆದದ್ದಲ್ಲ.

ಪೊರ್ಬುಗಳು ಪಕ್ಕದ ಮೇಜಿನ ಮೇಲಿದ್ದ ವೈನ್ ಗ್ಲಾಸೊಂದನ್ನು ಎತ್ತಿ ಮೂಗಿಗೆ ಹಿಡಿದು, ತಲೆ ಅಲ್ಲಾಡಿಸಿ, ನನ್ನ ಮುಂದೆ ಚಾಚಿದರು. "ಇದರದ್ದು ಇನ್ನೂ ಗೊತ್ತಾಗುವುದಿಲ್ಲ. ಆದೀತು ನಿಧಾನಕ್ಕೆ. ಹೇಗುಂಟು, ನೀವೇ ನೋಡಿ ಹೇಳಿ."

ನಾನು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ತಂದೆ. ನೇರಳೆ ಬರಲಿಲ್ಲ, ಮರ ಬರಲಿಲ್ಲ, ಏನೂ ಬರಲಿಲ್ಲ. ಅಳು ಬಂದು ಮೂಗು ಪೂರ್ತಿ ಕಟ್ಟಿಹೋಗಿತ್ತು.

"ಸರಿ ಉಂಟು ಪೊರ್ಬುಗಳೇ" ಎಂದೆ.